ಮತ್ತಿಕೆರೆಯ ಮೋರಿ ಯಾವ ಹೊಳೆ ಸೇರುತ್ತದೆ?

ಫೆಬ್ರುವರಿಯ ಒಂದು ಸಂಜೆ ಬೆಂಗಳೂರಿನ ಮತ್ತಿಕೆರೆಯ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ತುಂಬ ಬಿಳಿ ಹಾಳೆಗಳು ಹರಡಿದ್ದವು. ಒಂದೊಂದು ಹಾಳೆಯಲ್ಲೂ ಒಂದೊಂದು ಭಾರತ. ಒಂದು ಸೊರಗಿ ಉದ್ದವಾಗಿತ್ತು. ಇನ್ನೊಂದಕ್ಕೆ ಕಾಠಿಯಾವಾಡವೇ ಇರಲಿಲ್ಲ. ಮತ್ತೊಂದರಲ್ಲಿ ಈಶಾನ್ಯದ ರಾಜ್ಯಗಳಿಗೆ ಹಾಳೆಯಲ್ಲಿ ಜಾಗ ಸಾಲದೆ ಅಸ್ಸಾಮಿನ ಗೆರೆ ಅಂಚಿಗೆ ಬಂದು ನಿಂತಿತ್ತು. ಅಕ್ಕನ ಮಗಳು ಹತ್ತನೇ ತರಗತಿ. ಸಮಾಜ ವಿಜ್ಞಾನದ ಪರೀಕ್ಷೆಗೆ ನಕ್ಷೆ ರೂಢಿ ಮಾಡಿಕೊಳ್ಳುತ್ತಿದ್ದಳು.

ಸಿಬಿಎಸ್‌ಇ ಮಕ್ಕಳಿಗೆ ಅಚ್ಚಾದ ನಕ್ಷೆ ಪ್ರಶ್ನೆಪತ್ರಿಕೆಯ ಜೊತೆಗೇ ಸಿಗುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಹಾಗಲ್ಲ, ಉತ್ತರಪತ್ರಿಕೆಯ ಮೇಲೆ ಕೈಯಾರೆ ಭಾರತ ಬರೆದು ಕೇಳಿದ ಸ್ಥಳಗಳನ್ನು ಗುರುತಿಸಬೇಕು. ಐದು ಅಂಕದ ಪ್ರಶ್ನೆ. ಕಣ್ಣು ಕಾಣದ ಮಕ್ಕಳಿಗೆ ಮಾತ್ರ ಅದರ ಬದಲು ಬೇರೆ ಪ್ರಶ್ನೆ ಇರುತ್ತದೆ. ಕಳೆದ ಎಷ್ಟೋ ವರ್ಷಗಳಿಂದ ಕನ್ನಡ ನಾಡಿನ ಲಕ್ಷಾಂತರ ಮಕ್ಕಳು ಹೀಗೆ ದೇಶವನ್ನು ಬೆರಳಲ್ಲಿ ಕಲಿತಿದ್ದಾರೆ. ಇದು ಹಳೆಯ ಕಾಲದ ಕಸರತ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಚ್ಛದ ಬಾಗು ಎಲ್ಲಿ ಮುಗಿದು ಖಂಭಾತ್ ಕೊಲ್ಲಿ ಎಲ್ಲಿ ಒಳಸರಿಯುತ್ತದೆ ಅನ್ನುವುದನ್ನು ನೂರು ಸಲ ತಿದ್ದಿದ ಕೈ ಅದನ್ನು ಮರೆಯುವುದಿಲ್ಲ.

ಅವಳ ಭಾರತ ಯಾಕೆ ಸೊರಗುತ್ತಿತ್ತು? ಕನ್ಯಾಕುಮಾರಿಯಿಂದ ಕಾಶ್ಮೀರ ಅಂತ ನಾವು ಸದಾ ಉದ್ದವನ್ನೇ ಹೇಳುತ್ತೇವೆ, ಅಗಲ ನೆನಪಿಗೇ ಬರುವುದಿಲ್ಲ. ಪಠ್ಯಪುಸ್ತಕದ ಲೆಕ್ಕ ನೋಡಿ: ಉತ್ತರ ದಕ್ಷಿಣ 3,214 ಕಿ.ಮೀ., ಪೂರ್ವ ಪಶ್ಚಿಮ 2,933 ಕಿ.ಮೀ. ಹೆಚ್ಚೂಕಡಿಮೆ ಚೌಕ. ಆ ಎರಡು ಸಂಖ್ಯೆಗಳನ್ನು ಅವಳು ಕಂಠಪಾಠ ಮಾಡಿದ್ದಳು, ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ಅದೇ ಸಂಖ್ಯೆಗಳು ತನ್ನ ನಕ್ಷೆಯನ್ನು ತಿದ್ದಬಲ್ಲವು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಒಂದು ಚೌಕ ಹಾಕಿಸಿದೆ. ನಡುವೆ ಅಡ್ಡಗೆರೆ, ನಡುವೆ ಉದ್ದಗೆರೆ. ಅಡ್ಡಗೆರೆ ಹತ್ತಿರ ಹತ್ತಿರ ಕರ್ಕಾಟಕ ಸಂಕ್ರಾಂತಿ ವೃತ್ತ, 23½ ಡಿಗ್ರಿ ಉತ್ತರ ಅಕ್ಷಾಂಶ. ಉದ್ದಗೆರೆ 82½ ಡಿಗ್ರಿ ಪೂರ್ವ ರೇಖಾಂಶ. ದೇಶ ಹರಡಿರುವುದು 8ರಿಂದ 37 ಡಿಗ್ರಿ ಅಕ್ಷಾಂಶ, 68ರಿಂದ 97 ಡಿಗ್ರಿ ರೇಖಾಂಶದವರೆಗೆ ತಾನೆ? ಪರೀಕ್ಷೆಯಲ್ಲಿ ಪದೇ ಪದೇ ಕೇಳುವ ಈ ಎರಡು ಗೆರೆಗಳೇ ನಕ್ಷೆಯ ಬೆನ್ನೆಲುಬು. ಅವೆರಡೂ ಕೂಡುವುದು ಛತ್ತೀಸಗಢದಲ್ಲಿ. ಅಲ್ಲಿಂದ ನಾಲ್ಕು ದಿಕ್ಕಿಗೂ ಅಂದಾಜು ಹಿಡಿದು ಬರೆದಾಗ ಅವಳ ಐದನೇ ಭಾರತಕ್ಕೆ ಸರಿಯಾದ ಮೈಕಟ್ಟು ಬಂತು.

ಆಮೇಲೆ ಅವಳೇ ಕೇಳಿದಳು. “82½ ನಮ್ಮೂರಿನ ಮೇಲೆ ಹೋಗೋದೇ ಇಲ್ಲ, ಅದನ್ನ ಯಾಕೆ ಕಲೀಬೇಕು?”

ಒಳ್ಳೆಯ ಪ್ರಶ್ನೆ. ಉತ್ತರ ಗೋಡೆಯ ಮೇಲಿನ ಗಡಿಯಾರದಲ್ಲಿದೆ. ಮಿರ್ಜಾಪುರದ ಹತ್ತಿರ ಹಾದುಹೋಗುವ ಆ ರೇಖೆಯ ಹೊತ್ತನ್ನೇ ಇಡೀ ದೇಶ ತನ್ನ ಹೊತ್ತು ಅಂತ ಒಪ್ಪಿಕೊಂಡಿದೆ. ಮತ್ತಿಕೆರೆ ಇರುವುದು ಸುಮಾರು 77½ ಡಿಗ್ರಿ ರೇಖಾಂಶದಲ್ಲಿ. ಐದು ಡಿಗ್ರಿ ಹಿಂದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ಗಡಿಯಾರದಲ್ಲಿ ಹನ್ನೆರಡು ಹೊಡೆದು ಸುಮಾರು ಇಪ್ಪತ್ತು ನಿಮಿಷ ಕಳೆದ ಮೇಲೆ ನಮ್ಮೂರಿನ ನಿಜವಾದ ನಡುಮಧ್ಯಾಹ್ನ. ಕೋಲಾರದಲ್ಲಿ ಈ ಅಂತರ ಹದಿನೇಳು ನಿಮಿಷದಷ್ಟು, ಕಾರವಾರದಲ್ಲಿ ಮೂವತ್ತಮೂರರಷ್ಟು. ಒಂದೇ ರಾಜ್ಯದೊಳಗೆ ಸೂರ್ಯನಿಗೆ ಕಾಲು ಗಂಟೆಯ ವ್ಯತ್ಯಾಸ.

ಇದನ್ನು ಕಣ್ಣಾರೆ ನೋಡಲು ಬೆಂಗಳೂರಿಗೆ ವರ್ಷದಲ್ಲಿ ಎರಡು ದಿನ ಇವೆ. ಊರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಉತ್ತರಕ್ಕೆ ಸರಿಯುವಾಗ ಏಪ್ರಿಲ್ 24ರ ಸುಮಾರಿಗೆ, ಮರಳಿ ದಕ್ಷಿಣಕ್ಕೆ ಇಳಿಯುವಾಗ ಆಗಸ್ಟ್ 18ರ ಸುಮಾರಿಗೆ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಏಪ್ರಿಲ್‌ನ ಆ ದಿನ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ದಿನ. ಹುಬ್ಬಳ್ಳಿಗೆ ಈ ದಿನ ಮೇ ಮೊದಲಲ್ಲಿ, ಕಲಬುರಗಿಗೆ ಇನ್ನೊಂದು ವಾರ ಕಳೆದು ಬರುತ್ತದೆ. ಅಕ್ಷಾಂಶ ಎಂಬ ಒಣ ಪದ ಹೀಗೆ ದಿನ ಎಣಿಸುತ್ತ ಉತ್ತರಕ್ಕೆ ನಡೆಯುತ್ತದೆ. ಎರಟೊಸ್ತನೀಸ್ ಎಂಬ ಗ್ರೀಕ್ ಪಂಡಿತ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನೆರಳನ್ನು ಹೋಲಿಸಿಯೇ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಅದೇ ಲೆಕ್ಕವನ್ನು ಮತ್ತಿಕೆರೆಯ ಒಂದು ಶಾಲೆ, ಕಲಬುರಗಿಯ ಒಂದು ಶಾಲೆ ಸೇರಿ ಒಂದು ಕೋಲು, ಒಂದು ಅಳತೆಪಟ್ಟಿ, ಒಂದು ಫೋನ್ ಕರೆಯಲ್ಲಿ ಮಾಡಬಹುದು.

ಮಾಡುವುದು ಯಾವಾಗ? ಏಪ್ರಿಲ್ 24ಕ್ಕೆ ಬೇಸಿಗೆ ರಜೆ. ಆಗಸ್ಟ್ 18ಕ್ಕೆ ಶಾಲೆ ಇರುತ್ತದೆ, ಆಕಾಶದ ತುಂಬ ಮುಂಗಾರಿನ ಮೋಡವೂ ಇರುತ್ತದೆ. ಆದರೂ ಕೋಲು ನೆಟ್ಟು ಕಾಯಬೇಕು ಅನ್ನುತ್ತೇನೆ. ಮೋಡ ಸರಿಯುತ್ತದೋ ಇಲ್ಲವೋ ಅಂತ ಐವತ್ತು ಮಕ್ಕಳು ಕತ್ತೆತ್ತಿ ನಿಂತರೆ ಅದೂ ಮುಂಗಾರಿನ ಪಾಠವೇ.

ಪ್ರೌಢಶಾಲೆಯಲ್ಲಿ ಭೂಗೋಳಕ್ಕೆ ಸ್ವಂತ ಮನೆ ಇಲ್ಲ. ಸಮಾಜ ವಿಜ್ಞಾನ ಎಂಬ ಒಂದೇ ಸೂರಿನಡಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನದ ಜೊತೆ ಒಂದು ಕೋಣೆ. ಎಂಟನೇ ತರಗತಿಯಲ್ಲಿ ಶಿಲಾಗೋಳ, ವಾಯುಗೋಳ, ಜಲಗೋಳ, ಒಂಬತ್ತರಲ್ಲಿ ಕರ್ನಾಟಕ, ಹತ್ತರಲ್ಲಿ ಭಾರತ. ಕ್ರಮ ಚೆನ್ನಾಗಿಯೇ ಇದೆ. ಆದರೆ ಶಿಲಾಗೋಳ ಹೇಳಬೇಕಾದ ಶಿಕ್ಷಕರು ಎಷ್ಟೋ ಕಡೆ ಇತಿಹಾಸ ಓದಿ ಬಂದವರು. ನಾನು ಓದಿದ ಶಾಲೆಯಲ್ಲಿ ಬಟ್ಟೆಯ ಭೂಪಟಗಳ ಸುರುಳಿಗಳು ಬೀರುವಿನ ಮೇಲೆ ಧೂಳು ಹಿಡಿದು ಮಲಗಿದ್ದವು. ಮೂರು ವರ್ಷದಲ್ಲಿ ಅವು ಗೋಡೆಗೆ ಏರಿದ್ದು ತಪಾಸಣೆಯ ದಿನ ಮಾತ್ರ. ಆ ಮೇಷ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೂ ಅದನ್ನು ಬಿಚ್ಚಿ ತೋರಿಸಿರಲಿಕ್ಕಿಲ್ಲ.

ಪಿಯುವಿಗೆ ಬಂದರೆ ಭೂಗೋಳ ಕಲಾ ವಿಭಾಗದ ಒಂದು ಆಯ್ಕೆ. ವಿಜ್ಞಾನ ತೆಗೆದುಕೊಂಡ ಮಕ್ಕಳಿಗೆ ಹತ್ತನೇ ತರಗತಿಯೇ ಕೊನೆ. ನಾಳೆ ಬಡಾವಣೆ ಬಿಡಿಸುವ, ರಾಜಕಾಲುವೆಗೆ ಕಾಂಕ್ರೀಟ್ ಹಾಕುವ, ಮೇಲ್ಸೇತುವೆಯ ಕಂಬ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವ ಮಗು ನೆಲದ ಏರು ಇಳಿವನ್ನು ಪಾಠವಾಗಿ ಕೊನೆಯ ಸಲ ಓದುವುದು ಹದಿನೈದನೇ ವಯಸ್ಸಿನಲ್ಲಿ. ಇದು ನನಗೆ ಕಳವಳದ ವಿಷಯ. ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನ ಪರೀಕ್ಷೆಗೆ ಭೂಗೋಳ ಐಚ್ಛಿಕ, ಆದರೆ ಆರಿಸಿಕೊಂಡ ಮೇಲೆ ಕಡಿಮೆಯೆಂದರೆ ಎರಡು ಸಲ ಶಾಲೆಯ ಹೊರಗೆ ಹೋಗಿ ಕ್ಷೇತ್ರ ಅಧ್ಯಯನ ಮಾಡಲೇಬೇಕು: ಒಂದು ಹೊಳೆಯ ದಂಡೆಯೋ, ಒಂದು ಪೇಟೆಯ ಬೀದಿಯೋ. ಮತ್ತಿಕೆರೆಯ ಮಕ್ಕಳಿಗೆ ಅದಕ್ಕೆ ಬಸ್ಸು ಕೂಡ ಬೇಡ.

ಊರಿನ ಹೆಸರಿನಲ್ಲೇ ಕೆರೆ ಇದೆ. ಜಯಪ್ರಕಾಶ ನಾರಾಯಣರ ಹೆಸರಿನ ಉದ್ಯಾನ, ಜನರ ಬಾಯಲ್ಲಿ ಜೆ.ಪಿ. ಪಾರ್ಕ್, ಬೆಳಿಗ್ಗೆ ಸಾವಿರಾರು ಜನ ನಡೆಯುವ ಜಾಗ. ಅದರೊಳಗೆ ನೀರಿದೆ, ನೀರ ಬದಿಗೆ ಮರಗಳಿವೆ, ಹಕ್ಕಿಗಳಿವೆ. ಸುತ್ತು ಹಾಕುವವರಲ್ಲಿ ಎಷ್ಟು ಜನ ಆ ನೀರು ಎಲ್ಲಿಂದ ಬಂತು, ತುಂಬಿದರೆ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದಾರೆ? ಅಕ್ಕನ ಮಗಳನ್ನು ಕೇಳಿದೆ. ನರ್ಮದಾ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಅಂತ ಥಟ್ಟನೆ ಹೇಳಿದ ಹುಡುಗಿ, ಮನೆಯ ಮುಂದಿನ ಮೋರಿ ಯಾವ ಹೊಳೆ ಸೇರುತ್ತದೆ ಅಂದಾಗ ಸುಮ್ಮನಾದಳು. ಅವಳ ಅಮ್ಮನೂ ಸುಮ್ಮನಾದಳು. ಎಷ್ಟೋ ವರ್ಷ ನಾನೂ ಹಾಗೇ ಇದ್ದೆ.

ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತಿರುವ ಊರು, ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುವ ಆ ದಿಣ್ಣೆಯ ಏಣು ನೀರನ್ನು ಎರಡಾಗಿ ಒಡೆಯುತ್ತದೆ. ತುಮಕೂರು ರಸ್ತೆ ದಾಟಿ ಲಗ್ಗೆರೆಯ ಕಡೆ ಬಿದ್ದ ಮಳೆ ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಯಶವಂತಪುರ, ಮತ್ತಿಕೆರೆ, ಬಿಇಎಲ್ ಸುತ್ತಮುತ್ತ ಬಿದ್ದ ಮಳೆ ಪೂರ್ವಕ್ಕೆ ತಿರುಗಿ ಹೆಬ್ಬಾಳ ಕೆರೆಗೆ ಹೋಗುತ್ತದೆ. ಅಲ್ಲಿಂದ ನಾಗವಾರ, ಕಲ್ಕೆರೆ, ರಾಂಪುರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ, ಕೊನೆಗೆ ನಂದಿ ಬೆಟ್ಟದ ಸೀಮೆಯಿಂದ ಇಳಿದುಬರುವ ದಕ್ಷಿಣ ಪಿನಾಕಿನಿ. ಹೊಸೂರಿನ ಬಳಿ ಕೆಲವರಪಳ್ಳಿ, ಆಮೇಲೆ ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ತೆನ್‌ಪೆಣ್ಣೈ ಅನ್ನುವ ಹೆಸರಿನಲ್ಲಿ ಕಡಲೂರಿನ ಹತ್ತಿರ ಅದು ಸಮುದ್ರ ಸೇರುತ್ತದೆ.

ಇಲ್ಲಿ ಮಕ್ಕಳು ಒಂದು ತಪ್ಪು ಮಾಡುತ್ತಾರೆ, ದೊಡ್ಡವರೂ ಮಾಡುತ್ತಾರೆ. ಪಶ್ಚಿಮಕ್ಕೆ ಹರಿದ ನೀರು ಅರಬ್ಬಿ ಸಮುದ್ರಕ್ಕೆ ಹೋಗಿರಬೇಕು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಲಗ್ಗೆರೆಯ ನೀರೂ ಮತ್ತಿಕೆರೆಯ ನೀರೂ ಕಡೆಗೆ ಬಂಗಾಳ ಕೊಲ್ಲಿಗೇ. ಬೆಂಗಳೂರಿನ ದಿಣ್ಣೆ ಹೊಳೆಗಳನ್ನು ಬೇರೆ ಮಾಡುತ್ತದೆ, ಕಡಲುಗಳನ್ನಲ್ಲ. ಕಡಲುಗಳನ್ನು ಬೇರೆ ಮಾಡುವುದು ಪಶ್ಚಿಮ ಘಟ್ಟ. ದಖನ್ ಪ್ರಸ್ಥಭೂಮಿ ಪೂರ್ವಕ್ಕೆ ಇಳಿಜಾರಾಗಿದೆ ಅಂತ ಪುಸ್ತಕದಲ್ಲಿ ಒಂದು ಸಾಲು ಬರುತ್ತದಲ್ಲ, ಎಲ್ಲರೂ ಅಡಿಗೆರೆ ಹಾಕಿ ಮುಂದೆ ಹೋಗುವ ಸಾಲು, ಅದರ ಅರ್ಥ ಇದು. ಲಗ್ಗೆರೆಯ ಮೋರಿ ಮೊದಲು ಪಡುವಣಕ್ಕೆ ಮುಖ ಮಾಡಿ ಹೊರಟರೂ ಇಡೀ ದಕ್ಷಿಣದ ನೆಲ ಅದನ್ನು ಹೆಗಲು ಹಿಡಿದು ಮೂಡಣಕ್ಕೆ ತಿರುಗಿಸುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು, ಒಂಬತ್ತನೇ ತರಗತಿಯ ನದಿಗಳ ನಕ್ಷೆಯಲ್ಲಿ ಕಾಣದಂಥದ್ದು. ಮತ್ತಿಕೆರೆಯ ಅಡುಗೆಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ. ಕೊಡಗಿನಲ್ಲಿ ಹುಟ್ಟಿದ ನೀರು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಿನ ಬಲ ಪಡೆದು, ಸುಮಾರು 500 ಮೀಟರ್ ಮೇಲೇರಿ ನಮ್ಮ ದಿಣ್ಣೆಗೆ ಬರುತ್ತದೆ. ಹೊಳೆ ತಾನಾಗಿ ಎಂದೂ ಹತ್ತದ ದಾರಿ ಇದು. ಆ ನೀರಲ್ಲಿ ಅಕ್ಕ ಅಕ್ಕಿ ತೊಳೆಯುತ್ತಾಳೆ, ಪಾತ್ರೆ ಉಜ್ಜುತ್ತಾಳೆ. ತೊಳೆದ ನೀರು ಎಲ್ಲಿಗೆ ಹೋಗಬೇಕು? ನೆಲ ಇಳಿದ ಕಡೆಗೆ. ನೆಲ ಇಳಿದಿರುವುದು ಹೆಬ್ಬಾಳದ ಕಡೆಗೆ, ಪಿನಾಕಿನಿಯ ಕಡೆಗೆ. ಕಾವೇರಿಯ ಮಗಳನ್ನು ನಾವು ಕೊಳವೆಯಲ್ಲಿ ಕರೆತಂದು, ಒಂದು ದಿನ ಮನೆಯಲ್ಲಿಟ್ಟುಕೊಂಡು, ಬೇರೆ ಹೊಳೆಯ ಮನೆಗೆ ಕಳಿಸುತ್ತೇವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಅದನ್ನು ಚಿಕ್ಕಬಳ್ಳಾಪುರ ಸೀಮೆಯ ಒಣಗಿದ ಕೆರೆಗಳಿಗೆ ಏರಿಸುವ ಎಚ್.ಎನ್. ವ್ಯಾಲಿ ಯೋಜನೆ ಬಂದ ಮೇಲೆ, ತಲಕಾವೇರಿಯ ಹನಿಯೊಂದು ಮತ್ತಿಕೆರೆಯ ಬಚ್ಚಲು ಹಾದು ಬಯಲುಸೀಮೆಯ ಕೆರೆಯಲ್ಲಿ ಇಂಗಬಹುದಾಗಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಅಲ್ಲಿನ ರೈತರು ಎತ್ತಿರುವ ಪ್ರಶ್ನೆಗಳು ನ್ಯಾಯವಾದವು. ಅವು ಮತ್ತಿಕೆರೆಯ ಮಗುವಿಗೂ ಸೇರಿದ ಪ್ರಶ್ನೆಗಳು, ಯಾಕೆಂದರೆ ಅದು ಅವಳ ಮನೆಯ ನೀರು.

2024ರ ಅಕ್ಟೋಬರ್‌ನಲ್ಲಿ ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಒಳಗೆ ನೀರು ನುಗ್ಗಿದ ಚಿತ್ರಗಳನ್ನು ಎಲ್ಲರೂ ಫೋನಿನಲ್ಲಿ ನೋಡಿದೆವು. ಅದು ಇದೇ ಕಣಿವೆಯ ಕೆಳಭಾಗ. ಅಂದು ಅಲ್ಲಿ ತುಂಬಿದ್ದು ಆಕಾಶದಿಂದ ನೇರ ಬಿದ್ದ ಮಳೆ ಮಾತ್ರವಲ್ಲ. ಮೇಲಿನ ಊರುಗಳ ಸೂರುಗಳಿಂದ, ಸಿಮೆಂಟು ಬಳಿದ ಅಂಗಳಗಳಿಂದ ಇಳಿದದ್ದೂ ಹರಿಯುವ ದಾರಿ ಅದೇ. ಜಲಾನಯನ ಪ್ರದೇಶ ಅಂತ ಪಾಠದಲ್ಲಿ ಒಂದು ಅಂಕದ ವ್ಯಾಖ್ಯೆ ಇರುತ್ತದೆ. ಮತ್ತಿಕೆರೆಯಲ್ಲಿ ನಿಂತು ಆ ಚಿತ್ರ ನೋಡಿದವರಿಗೆ ವ್ಯಾಖ್ಯೆ ಬೇಕಾಗುವುದಿಲ್ಲ.

ಇದನ್ನೆಲ್ಲ ಕಾಗದದ ಮೇಲೆ ನೋಡುವ ಬಗೆಯೂ ಇದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಯಲಲ್ಲಿ ಆಧಾರರೇಖೆ ಅಳೆದ. ಮುಂದೆ ಇಡೀ ಉಪಖಂಡವನ್ನು ತ್ರಿಕೋನಗಳಲ್ಲಿ ಹಿಡಿದ ಮಹಾ ಸರ್ವೆಗೆ ಕೈ ಪಳಗಿದ್ದು ಇಲ್ಲಿ. ಆ ಪರಂಪರೆಯ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳು ಇಂದು ಮನೆಯಲ್ಲೇ ಸಿಗುತ್ತವೆ. 2017ರಿಂದ ಅವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಅದಕ್ಕಾಗಿ ಆಗ ತೆರೆದ ಜಾಲತಾಣಕ್ಕೆ ಇಟ್ಟಿದ್ದ ಹೆಸರೂ ‘ನಕ್ಷೆ’ಯೇ. ಮತ್ತಿಕೆರೆ ಇರುವ ಹಾಳೆಯ ಸಂಖ್ಯೆ 57 ಜಿ/12. ಅದರ ಕೆಳ ಅಂಚು 13 ಡಿಗ್ರಿ ಅಕ್ಷಾಂಶ. ಆ ರೇಖೆ ಮಲ್ಲೇಶ್ವರದ ಮೇಲೆ ಹಾದುಹೋಗುವುದರಿಂದ ಬೆಂಗಳೂರು ಎರಡು ಹಾಳೆಗಳಿಗೆ ಹರಿದುಹೋಗಿದೆ. ಲಾಲ್‌ಬಾಗ್ ನೋಡಬೇಕೆಂದರೆ ಕೆಳಗಿನ ಹಾಳೆ 57 ಎಚ್/9 ಬೇಕು. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಕಂದು ಬಣ್ಣದ ಸಮೋನ್ನತಿ ರೇಖೆಗಳು 20 ಮೀಟರಿಗೊಂದು. ಆ ಕಂದು ಗೆರೆಯ ಮೇಲೆ ಬೆರಳಿಟ್ಟು ದಿಣ್ಣೆಯನ್ನು ಹುಡುಕುವುದು, ಆಮೇಲೆ ಬೀದಿಗಿಳಿದು ಸೈಕಲ್ ತುಳಿದರೆ ಎಲ್ಲಿ ತೊಡೆ ನೋಯುತ್ತದೆ ಅಂತ ನೋಡುವುದು, ಎರಡೂ ಒಂದೇ ಓದು.

ಉತ್ತರ ಬೆಂಗಳೂರಿನ ಮಕ್ಕಳಿಗೆ ಇರುವ ಅನುಕೂಲ ಬೇರೆಯವರಿಗೆ ಇಲ್ಲ. ಬರ ಬರುವ ಮೊದಲೇ ಅದರ ಹೆಜ್ಜೆ ಎಣಿಸಬೇಕು ಅಂತ 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ, ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಯಲಹಂಕದಲ್ಲಿದೆ. ರಾಜ್ಯದ ದೂರಸಂವೇದಿ ಕೇಂದ್ರವೂ ಅದೇ ಸೀಮೆಯಲ್ಲಿ. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳನ್ನು ಹಾರಿಸುವ ಇಸ್ರೊದ ಕೇಂದ್ರ ಕಚೇರಿ ಪಕ್ಕದ ನ್ಯೂ ಬಿಇಎಲ್ ರಸ್ತೆಯಲ್ಲೇ. ಅವರೆಲ್ಲ ದಿನವಿಡೀ ಮಾಡುವುದು ಭೂಗೋಳ. ಶಾಲೆಯಲ್ಲಿ ಅದನ್ನು ಕಂಠಪಾಠದ ವಿಷಯ ಅಂತ ಕರೆಯುವ ನಾವು ಆ ಗೇಟುಗಳ ಮುಂದೆಯೇ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಕಳಿಸುತ್ತೇವೆ.

ಪರೀಕ್ಷೆ ಮುಗಿಯಿತು, ನಕ್ಷೆ ಚೆನ್ನಾಗಿ ಬಂತಂತೆ. ಜೂನ್‌ನಲ್ಲಿ ಮತ್ತೆ ಅವರ ಮನೆಯಲ್ಲಿ ಉಳಿದಿದ್ದೆ. ಸಂಜೆ ಮೋಡ ಕವಿದಾಗ ಹುಡುಗಿ ಮೂತಿ ಕತ್ತರಿಸಿದ ಒಂದು ನೇರ ಗೋಡೆಯ ಪ್ಲಾಸ್ಟಿಕ್ ಡಬ್ಬಿಯನ್ನು ತಾರಸಿಯ ನಡುವೆ ಇಟ್ಟು, ಗಾಳಿಗೆ ಬೀಳದಂತೆ ಸುತ್ತ ನಾಲ್ಕು ಇಟ್ಟಿಗೆ ಜೋಡಿಸಿದಳು. ರಾತ್ರಿ ಗುಡುಗಿ ಸುರಿಯಿತು. ಹವಾಮಾನ ಇಲಾಖೆಯವರು ಮಳೆ ಓದುವುದು ಬೆಳಿಗ್ಗೆ ಎಂಟೂವರೆಗೆ ಅಂತ ಅವಳಿಗೆ ಹೇಳಿದ್ದೆ, ಅಲ್ಲಿಯವರೆಗೂ ಡಬ್ಬಿ ಮುಟ್ಟಲಿಲ್ಲ. ಎಂಟೂವರೆಗೆ ಜ್ಯಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿ ಇಳಿಬಿಟ್ಟು ನೋಡಿದಳು. 23 ಮಿಲಿಮೀಟರ್.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅವರದು ಮೂವತ್ತು ನಲವತ್ತರ ಸೈಟು, ಅಂದರೆ 111 ಚದರ ಮೀಟರ್. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗುಣಿಸಿದಳು: 2,553 ಲೀಟರ್, ಒಂದೇ ರಾತ್ರಿಯಲ್ಲಿ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಅಂದೆ. ಅದನ್ನೂ ಗುಣಿಸಿದಳು. ಒಂದು ಲಕ್ಷ ಲೀಟರ್ ದಾಟಿತು. ಕಳೆದ ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟೆ ಅಂತ ಅಮ್ಮನನ್ನು ಕೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದು ಗೇಟಿನ ಹೊರಗೆ ಓಡಿದಳು.

ಸೂರಿನ ಕೊಳವೆಯಿಂದ ಇನ್ನೂ ನೀರು ಬೀಳುತ್ತಿತ್ತು. ಹಿಂದಿನ ತಿಂಗಳುಗಳ ಸೊರಗಿದ ಭಾರತಗಳಲ್ಲಿ ಒಂದನ್ನು ಮಡಚಿ ದೋಣಿ ಮಾಡಿ ಮೋರಿಗೆ ಬಿಟ್ಟಳು. ಅದು ಎರಡು ಸಲ ಎಲೆಗಳಿಗೆ ಸಿಕ್ಕಿ, ಬಿಡಿಸಿಕೊಂಡು, ಅಡ್ಡರಸ್ತೆಯ ಕೊನೆಯಲ್ಲಿ ಕಲ್ಲುಚಪ್ಪಡಿಯ ಕೆಳಗೆ ಮರೆಯಾಯಿತು. ಅವಳು ಎದ್ದು ನಿಂತು ಸೂರ್ಯ ಯಾವ ಕಡೆಗಿದ್ದಾನೆ ಅಂತ ನೋಡಿದಳು. “ಪೂರ್ವಕ್ಕೇ ಹೋಯ್ತು,” ಅಂದಳು, “ಹೆಬ್ಬಾಳದ ಕಡೆ.”